ಆಯಿಲ್ ಪ್ರೆಶರ್ ಮುಳ್ಳನ್ನು ಓದುವ ಬಗೆ

ಎಂಜಿನ್‌ನ ಆಯಿಲ್ ಪಂಪಿಗೆ ಇರುವುದು ಒಂದೇ ಕೆಲಸ: ತಳದ ಚೇಂಬರ್‌ನಲ್ಲಿರುವ ಆಯಿಲನ್ನು ಸ್ಟ್ರೈನರ್ ಮೂಲಕ ಎಳೆದು, ಫಿಲ್ಟರ್ ದಾಟಿಸಿ, ಬ್ಲಾಕಿನ ಉದ್ದಕ್ಕೂ ಕೊರೆದಿರುವ ಗ್ಯಾಲರಿಗೆ ತಳ್ಳುವುದು. ಅಲ್ಲಿಂದ ಅದು ಮೇನ್ ಬೇರಿಂಗ್, ಬಿಗ್ ಎಂಡ್ ಬೇರಿಂಗ್, ಕ್ಯಾಮ್‌ಶಾಫ್ಟ್, ಇದ್ದರೆ ಟರ್ಬೊ, ಹೀಗೆ ಕವಲೊಡೆದು ಹರಿದು, ಕೂದಲೆಳೆಯಷ್ಟು ಸಂದುಗಳಲ್ಲಿ ನುಸುಳಿ, ಮತ್ತೆ ಚೇಂಬರ್‌ಗೆ ಬೀಳುತ್ತದೆ. ಪಂಪ್ ಕೊಡುವುದು ಹರಿವನ್ನು ಮಾತ್ರ. ಆ ಹರಿವಿಗೆ ಸಂದುಗಳು ಒಡ್ಡುವ ತಡೆಯಿಂದ ಒತ್ತಡ ಹುಟ್ಟುತ್ತದೆ. ಎಷ್ಟು ಆಯಿಲ್ ಬರುತ್ತಿದೆ, ಎಷ್ಟು ಸಲೀಸಾಗಿ ಹೊರಬೀಳುತ್ತಿದೆ ಎಂಬ ಎರಡು ಸಂಗತಿಗಳ ಒಟ್ಟು ಫಲ ಡ್ಯಾಶ್‌ಬೋರ್ಡಿನ ಮುಳ್ಳಿನಲ್ಲಿ ಕಾಣುತ್ತದೆ. ಒತ್ತಡ ಹೆಚ್ಚಿದ್ದ ಮಾತ್ರಕ್ಕೆ ಬೇರಿಂಗಿಗೆ ಆಯಿಲ್ ಚೆನ್ನಾಗಿ ಸಿಗುತ್ತಿದೆ ಎಂದುಕೊಳ್ಳುವಂತಿಲ್ಲ. ಸೆನ್ಸರ್ ಕೂತ ಜಾಗದಿಂದ ಮುಂದೆ ದಾರಿ ಕಟ್ಟಿಕೊಂಡಿದ್ದರೂ ಮುಳ್ಳು ಮೇಲೆಯೇ ನಿಂತಿರುತ್ತದೆ.

ಕಂಪನಿಯಿಂದ ಬಂದ ಹಾಗೇ ಇರುವ ಕಾರಿನಲ್ಲಿ ಈ ಲೆಕ್ಕಾಚಾರವನ್ನೆಲ್ಲ ತಯಾರಕರೇ ಮುಗಿಸಿರುತ್ತಾರೆ. ಆರ್.ಟಿ. ನಗರ, ಗಂಗಾನಗರ, ಹೆಬ್ಬಾಳದ ಕಡೆಯಿಂದ ಭಾನುವಾರ ಬೆಳಗ್ಗೆ ಬಳ್ಳಾರಿ ರಸ್ತೆ ಹಿಡಿದು ನಂದಿ ಬೆಟ್ಟದತ್ತ ಹೊರಡುವ ಕಾರುಗಳಲ್ಲಿ ಹಾಗೇ ಇರದವೂ ಸಾಕಷ್ಟಿವೆ: ರೀಮ್ಯಾಪ್ ಮಾಡಿಸಿದ ಪೋಲೊ ಜಿಟಿ, ಟರ್ಬೊ ಬದಲಿಸಿದ ಆಕ್ಟೇವಿಯಾ, ಇಪ್ಪತ್ತು ವರ್ಷ ದಾಟಿದ ಮೇಲೂ ಓವರ್‌ಹಾಲ್ ಮಾಡಿಸಿ ಉಳಿಸಿಕೊಂಡ ಹೋಂಡಾ ಸಿಟಿ ವಿಟೆಕ್, ರ‍್ಯಾಲಿಗೆಂದು ಕಟ್ಟಿದ ಜಿಪ್ಸಿ. (ರಸ್ತೆಗಿಳಿಯುವ ವಾಹನದಲ್ಲಿ ಏನನ್ನು ಬದಲಿಸಬಹುದು ಎಂಬುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಿತಿ ಹಾಕಿದೆ; 2019ರ ತಿದ್ದುಪಡಿಯ ನಂತರ ದಂಡವೂ ಏರಿದೆ. ಆ ವಿಚಾರ ಬೇರೆ.) ಇಂಥ ಎಂಜಿನ್‌ಗಳಲ್ಲಿ ಸಂದು ಬದಲಾಗಿರುತ್ತದೆ, ಆಯಿಲ್ ಗ್ರೇಡ್ ಬದಲಾಗಿರುತ್ತದೆ, ತಾಪ ಹೆಚ್ಚಿರುತ್ತದೆ, ಆಯಿಲ್ ಹೋಗುವ ದಾರಿಗೆ ಕೂಲರ್, ಟರ್ಬೊ ಪೈಪ್ ಎಂದು ಹೊಸ ಕವಲುಗಳು ಸೇರಿರುತ್ತವೆ. ತಯಾರಕರ ಪುಸ್ತಕದ ಸಂಖ್ಯೆ ಅಲ್ಲಿಗೆ ಆರಂಭದ ಅಂದಾಜು ಮಾತ್ರ.

ಕಂಪನಿ ಕೊಟ್ಟ ಕೆಂಪು ಆಯಿಲ್ ದೀಪವನ್ನು ನಂಬಿ ಕೂರುವಂತಿಲ್ಲ. ಆ ದೀಪದ ಸ್ವಿಚ್ ಬಹುತೇಕ ಕಾರುಗಳಲ್ಲಿ 0.2ರಿಂದ 0.5 ಬಾರ್ ನಡುವೆ ಎಲ್ಲೋ ಕೆಲಸ ಮಾಡುತ್ತದೆ. 5000 ಆರ್‌ಪಿಎಂನಲ್ಲಿ 4 ಬಾರ್ ಬೇಕಿದ್ದ ಎಂಜಿನ್‌ನಲ್ಲಿ ಒಂದೂವರೆ ಬಾರ್ ಉಳಿದಿದ್ದರೂ ದೀಪ ಹೊತ್ತುವುದಿಲ್ಲ. ಅದು ಹೊತ್ತುವ ಹೊತ್ತಿಗೆ ಬೇರಿಂಗ್ ಕೆಲಸ ಮುಗಿದಿರುತ್ತದೆ. ಗೇಜ್ ಬೇಕಾಗುವುದು ಇದಕ್ಕೇ.

ಅಳತೆಯ ಮಾನದ ಗೊಂದಲವನ್ನು ಮೊದಲೇ ನೀಗಿಕೊಳ್ಳುವುದು ಒಳ್ಳೆಯದು. 1 ಬಾರ್ ಎಂದರೆ 14.5 ಪಿಎಸ್‌ಐ, 100 ಕಿಲೊಪಾಸ್ಕಲ್. ಹಳೆಯ ಲಾರಿ, ಟ್ರ್ಯಾಕ್ಟರ್ ಗೇಜ್‌ಗಳಲ್ಲಿ ಕಾಣುವ, ಮೆಕ್ಯಾನಿಕ್‌ಗಳು ಬರೀ ‘ಕೆ.ಜಿ.’ ಎನ್ನುವ ಚದರ ಸೆಂಟಿಮೀಟರಿಗೆ ಕಿಲೊ ಎಂಬ ಮಾನವೂ ಹೆಚ್ಚುಕಡಿಮೆ ಬಾರ್‌ನಷ್ಟೇ.

ಬೇರಿಂಗಿನ ಒಳಗೆ

1883ರಲ್ಲಿ ಬ್ರಿಟಿಷ್ ಎಂಜಿನಿಯರ್ ಬೀಚಮ್ ಟವರ್ ರೈಲ್ವೆ ಬೇರಿಂಗ್‌ಗಳನ್ನು ಪರೀಕ್ಷಿಸುತ್ತಿದ್ದಾಗ, ಆಯಿಲ್ ಬಿಡಲೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ತೂತು ಕೊರೆಸಿದ. ಶಾಫ್ಟ್ ತಿರುಗಲು ಶುರುವಾದದ್ದೇ ತಡ, ತೂತಿನಿಂದ ಆಯಿಲ್ ಮೇಲಕ್ಕೆ ಉಕ್ಕಿತು. ಬಿರಡೆ ತುರುಕಿದರೆ ಬಿರಡೆಯೇ ಹೊರಬಂತು. ಗೇಜ್ ಇಟ್ಟರೆ ಅದರ ಮಿತಿಯಾದ 200 ಪಿಎಸ್‌ಐ ದಾಟಿ ಮುಳ್ಳು ಓಡಿತು. ಹೊರಗಿನಿಂದ ಯಾವ ಪಂಪೂ ಇಲ್ಲದೆ, ತಿರುಗುವ ಶಾಫ್ಟೇ ಆಯಿಲನ್ನು ಬೆಣೆಯಂತೆ ಸಂದಿನೊಳಗೆ ಎಳೆದುಕೊಂಡು ತನ್ನ ಮೇಲಿನ ಭಾರವನ್ನು ತಾನೇ ಎತ್ತಿ ನಿಲ್ಲಿಸಿಕೊಂಡಿತ್ತು. ಮೂರು ವರ್ಷದ ನಂತರ ಆಸ್ಬೋರ್ನ್ ರೇನಾಲ್ಡ್ಸ್ ಇದಕ್ಕೆ ಗಣಿತ ಒದಗಿಸಿದ.

ಇಂದಿನ ಎಂಜಿನ್‌ನಲ್ಲೂ ನಡೆಯುವುದು ಅದೇ. ಪಿಸ್ಟನ್ನಿನ ಹೊಡೆತವನ್ನು ತಾಳುವ ಆಯಿಲ್ ಪದರದೊಳಗೆ ನೂರಾರು ಬಾರ್ ಒತ್ತಡ ಇರುತ್ತದೆ. ಗೇಜ್ ತೋರಿಸುವ ನಾಲ್ಕೈದು ಬಾರ್ ಅದರ ಮುಂದೆ ಏನೂ ಅಲ್ಲ. ಈ ನಾಲ್ಕೈದು ಬಾರ್‌ನ ಕೆಲಸ ಸಂದು ಖಾಲಿಯಾಗದಂತೆ ತುಂಬಿಸುತ್ತಿರುವುದು, ಬಿಸಿಯಾದ ಆಯಿಲನ್ನು ಹೊರಗೆ ತಳ್ಳಿ ತಣ್ಣನೆಯದನ್ನು ಒಳಗೆ ಕಳಿಸುವುದು. ಕ್ರ್ಯಾಂಕಿನ ಒಳಗಿನ ದಾರಿಯಲ್ಲಿ ಇನ್ನೊಂದು ತೊಡಕಿದೆ. ಆಯಿಲ್ ಮೇನ್ ಬೇರಿಂಗಿನ ಹೊರಮೈಯಿಂದ ಒಳಹೊಕ್ಕು ಬಿಗ್ ಎಂಡ್ ತಲುಪಬೇಕು. ಮೊದಲ ಹಂತದಲ್ಲಿ ಅದು ಕ್ರ್ಯಾಂಕಿನ ಕೇಂದ್ರದ ಕಡೆ ಸಾಗಬೇಕು. ತಿರುಗುವಿಕೆ ಅದನ್ನು ಹೊರಕ್ಕೆ ಎಸೆಯುತ್ತಿರುತ್ತದೆ. ಈ ಎಸೆತದ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 6000 ಆರ್‌ಪಿಎಂಗೆ ನಿಲ್ಲುತ್ತಿದ್ದ ಎಂಜಿನ್ ಹೊಸ ಕ್ಯಾಮ್, ಹೊಸ ಸ್ಪ್ರಿಂಗ್ ಹಾಕಿಸಿಕೊಂಡು 8000ಕ್ಕೆ ಹೋದರೆ ಅದು 1.8 ಪಟ್ಟಿನ ಹತ್ತಿರ ಬರುತ್ತದೆ. ರೆಡ್‌ಲೈನ್ ಏರಿಸುವವರು ಒತ್ತಡವನ್ನೂ ಏರಿಸಲೇಬೇಕಾಗುವುದು ಈ ಕಾರಣಕ್ಕೆ.

ಸಂದಿನ ಗಾತ್ರ ಇನ್ನೂ ಸೂಕ್ಷ್ಮ ವಿಷಯ. ಶಾಫ್ಟಿನ ಒಂದು ಇಂಚು ವ್ಯಾಸಕ್ಕೆ ಇಂಚಿನ ಸಾವಿರದ ಒಂದು ಭಾಗದಷ್ಟು ಸಂದು ಎಂಬುದು ಎಂಜಿನ್ ಕಟ್ಟುವವರ ಹಳೆಯ ಲೆಕ್ಕ. ಸಣ್ಣ ಕಾರಿನ ಎಂಜಿನ್‌ನಲ್ಲಿ ಅದು 0.03ರಿಂದ 0.06 ಮಿಲಿಮೀಟರ್ ಆಸುಪಾಸಿಗೆ ಬರುತ್ತದೆ. ಈ ಸಂದಿನಿಂದ ಆಯಿಲ್ ಹೊರಬೀಳುವ ಪ್ರಮಾಣ ಸಂದಿನ ಘನಕ್ಕೆ ತಕ್ಕಂತೆ ಬೆಳೆಯುತ್ತದೆ. ಸಂದು ಕಾಲು ಭಾಗ ಹೆಚ್ಚಾದರೆ ಸೋರುವ ಆಯಿಲ್ ಹತ್ತಿರಹತ್ತಿರ ದುಪ್ಪಟ್ಟು. ಕೆಳಗಿನ ಮಹಡಿಯವರು ಎಲ್ಲ ನಲ್ಲಿ ತಿರುಗಿಸಿಟ್ಟಾಗ ಮೇಲಿನ ಮಹಡಿಯ ಶವರ್ ಸೊರಗುವಂತೆ, ಸವೆದ ಒಂದು ಬೇರಿಂಗ್ ಆಯಿಲ್ ಕುಡಿದುಬಿಟ್ಟರೆ ದೂರದ ಬೇರಿಂಗಿಗೂ ಕ್ಯಾಮ್‌ಗೂ ಪಾಲು ಕಡಿಮೆಯಾಗುತ್ತದೆ. ರೇಸಿಗೆಂದು ಬೇಕೆಂದೇ ಸಂದು ಸಡಿಲ ಬಿಟ್ಟು ಕಟ್ಟಿದ ಎಂಜಿನ್‌ನಲ್ಲಿ ಐಡ್ಲಿಂಗ್ ಒತ್ತಡ ಕಡಿಮೆ ಇರುವುದು ಸಹಜ. ಅದಕ್ಕೆ ತಕ್ಕ ದಪ್ಪ ಆಯಿಲ್, ಹೆಚ್ಚು ಹರಿವಿನ ಪಂಪ್ ಜೊತೆಗೂಡಬೇಕು. ಸವೆದು ಸಡಿಲವಾದದ್ದಕ್ಕೂ ಬೇಕೆಂದೇ ಸಡಿಲ ಬಿಟ್ಟದ್ದಕ್ಕೂ ಇರುವ ವ್ಯತ್ಯಾಸ ಗೇಜಿಗೆ ತಿಳಿಯುವುದಿಲ್ಲ. ಅದು ತಿಳಿಯಬೇಕಾದರೆ ಕಟ್ಟುವಾಗ ಅಳೆದು ಬರೆದಿಟ್ಟ ಚೀಟಿ ಬೇಕು. ಕ್ರ್ಯಾಂಕ್ ಗ್ರೈಂಡಿಂಗ್ ಮಾಡಿಸಿದ ಮೇಲೆ ಆ ಚೀಟಿ ಕೇಳಿ ಪಡೆಯುವ ಗಿರಾಕಿಗಳು ಕಡಿಮೆ.

ಎಷ್ಟಿದ್ದರೆ ಸರಿ

ರಾತ್ರಿಯಿಡೀ ನಿಂತ ಕಾರನ್ನು ಸ್ಟಾರ್ಟ್ ಮಾಡಿದಾಗ ಒಂದೆರಡು ಸೆಕೆಂಡಿನಲ್ಲಿ ಮುಳ್ಳು ಎದ್ದು 4ರಿಂದ 6 ಬಾರ್‌ವರೆಗೂ ಹೋಗಬಹುದು. ಅದು ತಣ್ಣನೆಯ ಆಯಿಲಿನ ಗಟ್ಟಿತನವೇ ಹೊರತು ಎಂಜಿನ್‌ನ ಆರೋಗ್ಯದ ಸರ್ಟಿಫಿಕೇಟ್ ಅಲ್ಲ. ಆಗ ಪಂಪಿನ ರಿಲೀಫ್ ವಾಲ್ವ್ ತೆರೆದು ಹೆಚ್ಚುವರಿ ಆಯಿಲನ್ನು ವಾಪಸ್ ಬಿಡುತ್ತಿರುತ್ತದೆ. ಪೂರ್ತಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ 1 ಬಾರ್ ಆಸುಪಾಸು ಇದ್ದರೆ ಹೆಚ್ಚಿನ ಪೆಟ್ರೋಲ್ ಎಂಜಿನ್‌ಗಳಿಗೆ ಸಾಕು; 0.7ರಿಂದ 1.5ರವರೆಗೆ ಗಾಬರಿಪಡುವಂಥದ್ದಿಲ್ಲ. ಐಡ್ಲಿಂಗ್‌ನಲ್ಲಿ ಬೇರಿಂಗಿನ ಮೇಲೆ ಭಾರವೂ ಇಲ್ಲ, ವೇಗವೂ ಇಲ್ಲ. ಹೆಬ್ಬಾಳ ಫ್ಲೈಓವರ್ ಮೇಲೆ ಮಧ್ಯಾಹ್ನದ ಬಿಸಿಲಿನಲ್ಲಿ ಅರ್ಧ ಗಂಟೆ ತೆವಳಿದ ಕಾರಿನ ಮುಳ್ಳು ಬೆಳಗಿನದಕ್ಕಿಂತ ಕೆಳಗೆ ಕೂತಿದ್ದರೆ ಅಲ್ಲೇ ಗ್ಯಾರೇಜಿಗೆ ಫೋನ್ ಮಾಡುವ ಅಗತ್ಯವಿಲ್ಲ.

ವೇಗ ಹೆಚ್ಚಿದಾಗ ಎಷ್ಟಿರಬೇಕು ಎಂಬುದಕ್ಕೆ ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ, ಅಂದರೆ 0.7 ಬಾರ್, ಎಂಬ ಸೂತ್ರ ಎಲ್ಲ ಗ್ಯಾರೇಜುಗಳಲ್ಲೂ ಓಡಾಡುತ್ತದೆ. ಅಮೆರಿಕದ ದೊಡ್ಡ ವಿ8 ರೇಸ್ ಎಂಜಿನ್‌ಗಳ ಕಾಲದಿಂದ ಬಂದ ಮಾತು ಅದು. ಹಳೆಯ ಮಾದರಿಯ ಪಂಪ್ ಇರುವ ಜಿಪ್ಸಿ, ಎಸ್ಟೀಮ್, ಸಿಟಿಯಂಥ ಎಂಜಿನ್‌ಗಳಿಗೆ ಇಂದಿಗೂ ತಕ್ಕಮಟ್ಟಿಗೆ ಹೊಂದುತ್ತದೆ: 6500 ಆರ್‌ಪಿಎಂಗೆ ನಾಲ್ಕೂವರೆ ಬಾರ್. ಹೊಸ ಎಂಜಿನ್‌ಗಳಿಗೆ ಇದನ್ನು ಅನ್ವಯಿಸಲು ಹೋದರೆ ಇಲ್ಲದ ರೋಗ ಹುಡುಕಿದಂತಾಗುತ್ತದೆ. ಫೋಕ್ಸ್‌ವ್ಯಾಗನ್ ಬಳಗದ ಮೂರನೇ ಪೀಳಿಗೆಯ ಇಎ888, ಅಂದರೆ ಆಕ್ಟೇವಿಯಾದ 1.8 ಟಿಎಸ್‌ಐನಂಥ ಎಂಜಿನ್‌ನಲ್ಲಿ, ಪಂಪಿಗೆ ಎರಡು ಹಂತಗಳಿವೆ. ಕೆಳಹಂತದಲ್ಲಿ ಸುಮಾರು 1.5 ಬಾರ್, ಮೇಲಿನ ಹಂತದಲ್ಲಿ ಸುಮಾರು 3.75 ಬಾರ್. ಇಂಧನ ಉಳಿಸಲೆಂದು ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ಬೇಕೆಂದೇ ಒತ್ತಡವನ್ನು ತಗ್ಗಿಸಿ ಇಟ್ಟಿರುತ್ತದೆ. ಭಾರ ಅಥವಾ ವೇಗ ಹೆಚ್ಚಾದಾಗ ಮುಳ್ಳು ಮೆಟ್ಟಿಲು ಹತ್ತಿದಂತೆ ಒಮ್ಮೆಲೆ ಜಿಗಿಯುತ್ತದೆ. 3000 ಆರ್‌ಪಿಎಂನಲ್ಲಿ ಒಂದೂವರೆ ಬಾರ್ ಕಂಡು ಪಂಪ್ ಹೋಗಿದೆ ಎಂದು ತೀರ್ಮಾನಿಸಿದರೆ ಸಾವಿರಾರು ರೂಪಾಯಿ ದಂಡ. ಅಂಥ ಕಾರಿನಲ್ಲಿ ನೋಡಬೇಕಾದದ್ದು, ಜಿಗಿಯಬೇಕಾದ ಜಾಗದಲ್ಲಿ ಮುಳ್ಳು ಜಿಗಿಯುತ್ತಿದೆಯೇ ಎಂದು.

ಸಿಟಿ ವಿಟೆಕ್‌ನಲ್ಲಿ ಆಯಿಲ್ ಪ್ರೆಶರ್‌ಗೆ ಇನ್ನೊಂದು ಕೆಲಸವಿದೆ. ವಿಟೆಕ್ ತೆರೆಯುವ ಹೊತ್ತಿಗೆ ಒಂದು ಸೊಲೆನಾಯ್ಡ್ ದಾರಿ ಬಿಡುತ್ತದೆ, ಆಯಿಲ್ ನುಗ್ಗಿ ರಾಕರ್‌ಗಳ ಒಳಗಿನ ಪಿನ್ ಸರಿಸುತ್ತದೆ, ಬೇರೆ ಬೇರೆ ಇದ್ದ ರಾಕರ್‌ಗಳು ಬೆಸೆದುಕೊಂಡು ದೊಡ್ಡ ಕ್ಯಾಮ್ ಮೇಲೆ ಓಡತೊಡಗುತ್ತವೆ. ಒತ್ತಡ ಸಾಲದಿದ್ದರೆ ಪಿನ್ ಪೂರ್ತಿ ಸರಿಯುವುದಿಲ್ಲ. ‘ವಿಟೆಕ್ ಕಿಕ್ ಬರ್ತಿಲ್ಲ’ ಎಂಬ ದೂರಿನೊಂದಿಗೆ ಬಂದ ಹಳೆಯ ಸಿಟಿಯಲ್ಲಿ ವೈರಿಂಗ್ ಕೆದಕುವ ಮೊದಲು ಡಿಪ್‌ಸ್ಟಿಕ್ ಎಳೆದು ನೋಡುವುದು ಜಾಣತನ.

ದೊಡ್ಡ ಸಂಖ್ಯೆ ಕಂಡರೆ ಮಾಲೀಕರಿಗೆ ಖುಷಿ. ಗಟ್ಟಿ ರಿಲೀಫ್ ಸ್ಪ್ರಿಂಗ್ ಹಾಕಿಸಿ 7 ಬಾರ್ ತೋರಿಸುವ ಚಪಲ ಅಲ್ಲಿಂದಲೇ ಶುರು. ಸಂದಿಗೆ ಬೇಕಾದದ್ದಕ್ಕಿಂತ ಹೆಚ್ಚಿನ ಒತ್ತಡದಿಂದ ಬೇರಿಂಗಿಗೆ ಲಾಭವಿಲ್ಲ. ಪಂಪ್ ತಿರುಗಿಸಲು ಎಂಜಿನ್‌ನ ಶಕ್ತಿ ಖರ್ಚಾಗುತ್ತದೆ, ಆಯಿಲ್ ಇನ್ನಷ್ಟು ಬಿಸಿಯಾಗುತ್ತದೆ, ಫಿಲ್ಟರಿನ ರಬ್ಬರ್ ಸೀಲ್ ಕಿತ್ತುಕೊಂಡು ಬರಬಹುದು. ಟರ್ಬೊ ಇದ್ದರಂತೂ ಪೆಟ್ಟು ನೇರ. ಬಾಲ್ ಬೇರಿಂಗ್ ಟರ್ಬೊಗಳ ಒಳದಾರಿಗೆ 3 ಬಾರ್ ಆಸುಪಾಸಿನ ಒತ್ತಡ ಸಾಕು. ಹಾಗಾಗಿಯೇ ಅವುಗಳ ಆಯಿಲ್ ಪೈಪಿನಲ್ಲಿ 1 ಮಿಲಿಮೀಟರ್ ತೂತಿನ ರಿಸ್ಟ್ರಿಕ್ಟರ್ ಇಡುತ್ತಾರೆ. ಅದನ್ನು ಮರೆತರೆ ಟರ್ಬೊ ಸೀಲ್ ದಾಟಿ ಆಯಿಲ್ ಸೈಲೆನ್ಸರ್‌ನಲ್ಲಿ ನೀಲಿ ಹೊಗೆಯಾಗಿ ಹೊರಬರುತ್ತದೆ, ಟರ್ಬೊ ಕೆಟ್ಟಿದೆ ಎಂಬ ತಪ್ಪು ತೀರ್ಪೂ ಬರುತ್ತದೆ.

ತಾಪ, ಗ್ರೇಡ್, ಪೆಟ್ರೋಲ್ ವಾಸನೆ

ಆಯಿಲಿನ ತಾಪ ಗೊತ್ತಿಲ್ಲದೆ ಒತ್ತಡ ಓದುವುದು ಅರ್ಧ ಓದು. ಸಾಮಾನ್ಯ 5ಡಬ್ಲ್ಯೂ-30 ಆಯಿಲ್ 40 ಡಿಗ್ರಿಯಿಂದ 100 ಡಿಗ್ರಿಗೆ ಬಿಸಿಯಾಗುವಷ್ಟರಲ್ಲಿ ಅದರ ಸ್ನಿಗ್ಧತೆ ಸುಮಾರು ಆರನೇ ಒಂದು ಭಾಗಕ್ಕೆ ಇಳಿದಿರುತ್ತದೆ. ಡಬ್ಬದ ಮೇಲಿನ ಎರಡನೇ ಅಂಕೆ 100 ಡಿಗ್ರಿಯ ಲೆಕ್ಕ: 30 ಎಂದರೆ 9.3ರಿಂದ 12.5 ಸೆಂಟಿಸ್ಟೋಕ್, 40 ಎಂದರೆ 12.5ರಿಂದ 16.3, 50 ಎಂದರೆ 16.3ರಿಂದ 21.9. ಟ್ರ್ಯಾಕಿನಲ್ಲಿ ತಾಪ 130 ಡಿಗ್ರಿಗೆ ಹೋದಾಗ, 100 ಡಿಗ್ರಿಯಲ್ಲಿ 14 ಇದ್ದ ಆಯಿಲ್ 8ರ ಹತ್ತಿರಕ್ಕೆ ಇಳಿಯುತ್ತದೆ. ಅಂದರೆ 40 ಗ್ರೇಡ್ ತುಂಬಿಸಿದ ಎಂಜಿನ್ ಆ ಹೊತ್ತಿಗೆ 20 ಗ್ರೇಡಿನಲ್ಲಿ ಓಡುತ್ತಿದ್ದಂತೆ. ಮುಳ್ಳು ಇಳಿದರೆ ಆಶ್ಚರ್ಯವಿಲ್ಲ, ಮತ್ತು ಅಲ್ಲಿ ಬೇಕಾದದ್ದು ಹೊಸ ಪಂಪಲ್ಲ, ಆಯಿಲ್ ಕೂಲರ್.

ಡಬ್ಬದ ಮೊದಲ ಅಂಕೆಯ ಬಗ್ಗೆ ಬೆಂಗಳೂರಿನವರು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಈ ನಗರದಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 1884ರ ಜನವರಿಯ 7.8 ಡಿಗ್ರಿ. ಹಿಮದಲ್ಲಿ ಸ್ಟಾರ್ಟ್ ಆಗಲೆಂದು ಮಾಡಿದ ‘0ಡಬ್ಲ್ಯೂ’ಗೆ ಇಲ್ಲಿ ಹವಾಮಾನದ ಕಾರಣವಿಲ್ಲ, ತಯಾರಕರು ಹೇಳಿದ್ದರೆ ಹಾಕುವುದು, ಅಷ್ಟೇ. ತಪ್ಪಾಗುವುದು ಬೇರೆ ಕಡೆ. ನೀರಿನ ಟೆಂಪರೇಚರ್ ಮುಳ್ಳು ನಡುಮಧ್ಯೆ ಬಂದದ್ದೇ ಎಂಜಿನ್ ಬಿಸಿಯಾಯಿತೆಂದು ಆಕ್ಸಿಲರೇಟರ್ ತುಳಿಯುವವರಿದ್ದಾರೆ. ಆಯಿಲ್ ನೀರಿಗಿಂತ ಬಹಳ ನಿಧಾನಕ್ಕೆ ಬಿಸಿಯಾಗುತ್ತದೆ. ಆರ್.ಟಿ. ನಗರದ ಒಳರಸ್ತೆಯಿಂದ ಹೊರಟು ಮೇಖ್ರಿ ಸರ್ಕಲ್ ತಲುಪುವಷ್ಟರಲ್ಲಿ ನೀರು 90 ಡಿಗ್ರಿ ಮುಟ್ಟಿದ್ದರೂ ಆಯಿಲ್ ಇನ್ನೂ 60ರಲ್ಲಿರಬಹುದು.

ಈ ಸಣ್ಣ ಸಣ್ಣ ಓಡಾಟಗಳಿಗೆ ಇನ್ನೊಂದು ಬೆಲೆಯಿದೆ. ತಣ್ಣಗಿರುವ ಎಂಜಿನ್‌ಗೆ ಇಂಧನ ಹೆಚ್ಚು ಸುರಿಯುತ್ತದೆ. ಅದರಲ್ಲೊಂದು ಪಾಲು ರಿಂಗ್ ದಾಟಿ ಆಯಿಲಿಗೆ ಸೇರಿ ಅದನ್ನು ತೆಳುವಾಗಿಸುತ್ತದೆ. ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ, ಅದರಲ್ಲೂ ರಿಚ್ ಆಗಿ ಟ್ಯೂನ್ ಮಾಡಿದವುಗಳಲ್ಲಿ, ಇದು ಇನ್ನೂ ಹೆಚ್ಚು. ಶೇ. 20 ಎಥೆನಾಲ್ ಬೆರೆತ ಇ20 ಪೆಟ್ರೋಲ್‌ಗೆ ದೇಶದಲ್ಲಿ ಚಾಲನೆ ಸಿಕ್ಕಿದ್ದೇ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ. ಎಥೆನಾಲ್‌ನಲ್ಲಿ ಶಕ್ತಿಯ ಅಂಶ ಕಡಿಮೆ, ಆದ್ದರಿಂದ ಇಂಜೆಕ್ಟರ್ ಸುರಿಸುವ ಪ್ರಮಾಣ ಜಾಸ್ತಿ. ಪೂರ್ತಿ ಬಿಸಿಯಾಗಿ ಒಂದಷ್ಟು ದೂರ ಓಡಿದರೆ ಬೆರೆತ ಇಂಧನದ ಬಹುಪಾಲು ಆವಿಯಾಗಿ ಹೋಗುತ್ತದೆ. ದಿನವೂ ಮಾರ್ಕೆಟ್‌ವರೆಗೆ ಹೋಗಿ ಬರುವ ಕಾರಿನಲ್ಲಿ ಹೋಗುವುದಿಲ್ಲ. ಡಿಪ್‌ಸ್ಟಿಕ್ ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ, ಮಟ್ಟ ಇಳಿಯುವ ಬದಲು ಏರುತ್ತಿದ್ದರೆ, ಬಿಸಿ ಐಡ್ಲಿಂಗ್ ಒತ್ತಡ ಕಡಿಮೆಯಾದದ್ದಕ್ಕೆ ಕಾರಣ ಅಲ್ಲೇ ಸಿಕ್ಕಿತು. ಮೊದಲು ಆಯಿಲ್ ಬದಲಿಸಿ ನೋಡಬೇಕು.

ಗೇಜ್ ಕೂರಿಸುವಾಗ

ತಪ್ಪು ತೋರಿಸುವ ಗೇಜ್ ಇರುವುದಕ್ಕಿಂತ ಇಲ್ಲದಿರುವುದೇ ಮೇಲು. ಇರುವ ನೆಮ್ಮದಿಯೂ ಹೋಗುತ್ತದೆ. ಜೆ.ಸಿ. ರಸ್ತೆಯಲ್ಲಿ ಸಿಗುವ ಅಥವಾ ಆನ್‌ಲೈನ್‌ನಲ್ಲಿ ತರಿಸಿದ ಗೇಜ್ ಕಿಟ್‌ಗಳಲ್ಲಿ ಮೊದಲು ಎಡವುವುದು ಥ್ರೆಡ್‌ನಲ್ಲಿ. ಜಪಾನಿ ಮೂಲದ ಎಂಜಿನ್‌ಗಳ ಆಯಿಲ್ ಸ್ವಿಚ್ ತೂತಿಗೆ ಸಾಮಾನ್ಯವಾಗಿ 1/8 ಬಿಎಸ್‌ಪಿಟಿ ಥ್ರೆಡ್, ಫೋಕ್ಸ್‌ವ್ಯಾಗನ್-ಸ್ಕೋಡಾಗಳಿಗೆ ಎಂ10, ಅಮೆರಿಕದ ಗೇಜ್ ಕಿಟ್‌ಗಳ ಸೆಂಡರ್‌ಗೆ (ಗೇಜಿಗೆ ಓದು ಕಳಿಸುವ ಸೆನ್ಸರ್) 1/8 ಎನ್‌ಪಿಟಿ. ಬಿಎಸ್‌ಪಿಟಿಯಲ್ಲಿ ಇಂಚಿಗೆ 28 ಸುತ್ತು, ಎನ್‌ಪಿಟಿಯಲ್ಲಿ 27. ಒಂದರೊಳಗೆ ಇನ್ನೊಂದು ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತದೆ, ಮೋಸ ಇರುವುದೇ ಅಲ್ಲಿ. ಬಲವಂತದಿಂದ ಬಿಗಿದರೆ ಅಲ್ಯೂಮಿನಿಯಂ ಬ್ಲಾಕ್ ಸೀಳುತ್ತದೆ. ಪೀಣ್ಯದ ಹೈಡ್ರಾಲಿಕ್ ಫಿಟ್ಟಿಂಗ್ ಅಂಗಡಿಗಳಲ್ಲಿ ಸರಿಯಾದ ಅಡಾಪ್ಟರ್ ಸಿಗುತ್ತದೆ. ಹಳೆಯ ಸ್ವಿಚ್ ಮತ್ತು ಹೊಸ ಸೆಂಡರ್ ಎರಡನ್ನೂ ಕೈಯಲ್ಲಿ ಹಿಡಿದೇ ಹೋಗಬೇಕು.

ಭಾರದ ಸೆಂಡರನ್ನು ಉದ್ದನೆಯ ಟೀ ಫಿಟ್ಟಿಂಗ್ ತುದಿಗೆ ನೇತುಹಾಕಿದರೆ ಎಂಜಿನ್‌ನ ನಡುಕಕ್ಕೆ ಅದು ಒಂದು ದಿನ ಮುರಿಯುತ್ತದೆ, ಬಿಸಿ ಆಯಿಲ್ ಎಕ್ಸಾಸ್ಟ್ ಮೇಲೆ ಚಿಮ್ಮುತ್ತದೆ. ಸ್ಟೀಲ್ ಹೆಣಿಗೆಯ ಸಣ್ಣ ಹೋಸ್ ಎಳೆದು ಸೆಂಡರನ್ನು ಬಾಡಿಗೆ ಬಿಗಿಯುವುದು ಸುರಕ್ಷಿತ. ಒಂದೇ ವೈರಿನ ಸೆಂಡರ್ ಆದರೆ ಅದರ ಮೈಯೇ ಅರ್ತಿಂಗ್. ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತಿದರೆ ಅಥವಾ ಹೋಸ್ ಮೇಲೆ ಕೂರಿಸಿದರೆ ಅರ್ತಿಂಗ್ ವೈರ್ ಪ್ರತ್ಯೇಕ ಎಳೆಯಬೇಕು. ಗೇಜ್ ಒಂದು ಕಂಪನಿಯದು, ಸೆಂಡರ್ ಇನ್ನೊಂದರದು ಎಂದೂ ಆಗಬಾರದು. ಯುರೋಪಿನ ಬಹಳಷ್ಟು ಸೆಂಡರ್‌ಗಳ ಪ್ರತಿರೋಧ ಒತ್ತಡದೊಂದಿಗೆ 10 ಓಮ್‌ನಿಂದ 180ಕ್ಕೆ ಏರುತ್ತದೆ. ಅಮೆರಿಕದವು 240ರಿಂದ 33ಕ್ಕೆ ಇಳಿಯುತ್ತವೆ. ಬೆರೆಸಿದರೆ ಎಂಜಿನ್ ನಿಂತಾಗ ಪೂರ್ತಿ ಒತ್ತಡ, ಓಡುವಾಗ ಕಡಿಮೆ.

ಮೂರು ವೈರಿನ ಎಲೆಕ್ಟ್ರಾನಿಕ್ ಸೆನ್ಸರ್ ಇವೆಲ್ಲಕ್ಕಿಂತ ವಾಸಿ. 10 ಬಾರ್‌ವರೆಗಿನ ಸೆನ್ಸರ್ ಸಾಮಾನ್ಯವಾಗಿ ಸೊನ್ನೆ ಒತ್ತಡಕ್ಕೆ 0.5 ವೋಲ್ಟ್, 10 ಬಾರ್‌ಗೆ 4.5 ವೋಲ್ಟ್ ಕೊಡುತ್ತದೆ, ಅಂದರೆ ವೋಲ್ಟ್ ಒಂದಕ್ಕೆ ಎರಡೂವರೆ ಬಾರ್. ಮಲ್ಟಿಮೀಟರ್ ಇದ್ದರೆ ಯಾರು ಬೇಕಾದರೂ ತಾಳೆ ನೋಡಬಹುದು: ಬಿಸಿ ಐಡ್ಲಿಂಗ್‌ನಲ್ಲಿ 0.9 ವೋಲ್ಟ್ ಬಂದರೆ 1 ಬಾರ್. ಅರ್ತಿಂಗ್ ಕಳಪೆಯಾಗಿ 0.1 ವೋಲ್ಟ್ ಆಚೀಚೆಯಾದರೆ ಓದು ಕಾಲು ಬಾರ್ ತಪ್ಪುತ್ತದೆ. ಹೆಡ್‌ಲೈಟ್ ಹಾಕಿದಾಗ, ಫ್ಯಾನ್ ಶುರುವಾದಾಗ ಮುಳ್ಳು ಅಲುಗಿದರೆ ಸಂಶಯ ಪಡಬೇಕಾದದ್ದು ವೈರನ್ನು, ಎಂಜಿನನ್ನಲ್ಲ. ಸಮುದ್ರಮಟ್ಟದ ಗಾಳಿಯ ಒತ್ತಡವನ್ನೇ ಸೊನ್ನೆ ಎಂದು ಹಿಡಿದ ಸೀಲ್ಡ್ ಸೆನ್ಸರ್‌ಗಳು, 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಎಂಜಿನ್ ನಿಂತಾಗ -0.1 ಬಾರ್ ತೋರಿಸುವುದುಂಟು. ಅದು ದೋಷವಲ್ಲ.

ಮುಳ್ಳಿನ ನಡೆ

ಒಂದು ಸಂಖ್ಯೆಗಿಂತ ಮುಳ್ಳು ಚಲಿಸುವ ರೀತಿ ಹೆಚ್ಚು ಹೇಳುತ್ತದೆ. ವಾರಗಟ್ಟಲೆ ನಿಧಾನವಾಗಿ ಇಳಿಯುತ್ತ ಬಂದರೆ ಬೇರಿಂಗ್ ಸವೆತ ಅಥವಾ ಆಯಿಲ್ ತೆಳುವಾಗಿರುವುದು. ಐಡ್ಲಿಂಗ್‌ನಲ್ಲಿ ಮಾತ್ರ ಕಡಿಮೆ, ವೇಗದಲ್ಲಿ ಸರಿ ಎಂದರೆ ಸಂದು ಸಡಿಲವಾಗಿದೆ, ಪಂಪ್ ಇನ್ನೂ ನಿಭಾಯಿಸುತ್ತಿದೆ. ಎಲ್ಲ ವೇಗದಲ್ಲೂ ಕಡಿಮೆ ಎಂದರೆ ರಿಲೀಫ್ ವಾಲ್ವ್ ತೆರೆದೇ ಸಿಕ್ಕಿಕೊಂಡಿರಬಹುದು; ಮರಳಿನ ಒಂದು ಕಣ ಸಾಕು ಅದಕ್ಕೆ. ವೇಗ ಏರಿದಂತೆ ಒತ್ತಡ ಏರಿ, 5000 ದಾಟಿದ ಮೇಲೆ ನಡುಗುತ್ತ ಇಳಿಯುತ್ತದೆ ಎಂದಾದರೆ ಪಂಪಿಗೆ ಆಯಿಲ್ ಎಳೆಯಲು ಸಿಗುತ್ತಿಲ್ಲ, ಅಥವಾ ಗಾಳಿ ಬೆರೆತ ನೊರೆ ಸಿಗುತ್ತಿದೆ.

ಈ ಕೊನೆಯ ಲಕ್ಷಣಕ್ಕೆ ಬೆಂಗಳೂರಿನ ಮಾಡಿಫೈ ಆದ ಕಾರುಗಳಲ್ಲಿ ಒಂದು ಖಾಸಾ ಕಾರಣವಿದೆ: ಹಂಪ್. ಸ್ಪ್ರಿಂಗ್ ಕತ್ತರಿಸಿ ಅಥವಾ ಲೋವರಿಂಗ್ ಸ್ಪ್ರಿಂಗ್ ಹಾಕಿ ತಗ್ಗಿಸಿದ ಕಾರು, ಬಣ್ಣವೂ ಬಳಿಯದ ಹಂಪ್ ಮೇಲೆ ರಾತ್ರಿ ಹಾರಿದರೆ ಮೊದಲು ತಾಗುವುದು ಚೇಂಬರ್. ಸ್ಟ್ರೈನರ್ ಬಾಯಿಗೂ ಚೇಂಬರ್ ತಳಕ್ಕೂ ಸಾಮಾನ್ಯವಾಗಿ ಬರೀ 6ರಿಂದ 10 ಮಿಲಿಮೀಟರ್ ಅಂತರ. ತಗಡು ಒಳಕ್ಕೆ ಅಷ್ಟು ತಗ್ಗಿದರೆ ತಳವೇ ಸ್ಟ್ರೈನರ್ ಬಾಯಿ ಮುಚ್ಚುತ್ತದೆ. ಆಯಿಲ್ ಒಂದು ಹನಿಯೂ ಸೋರಿರುವುದಿಲ್ಲ, ಡಿಪ್‌ಸ್ಟಿಕ್ ಸರಿಯಾಗಿಯೇ ತೋರಿಸುತ್ತದೆ, ಐಡ್ಲಿಂಗ್ ಒತ್ತಡವೂ ಸರಿ ಇರುತ್ತದೆ. ವೇಗದಲ್ಲಿ ಮಾತ್ರ ಪಂಪ್ ಒಣಗುತ್ತದೆ. ಕಾರನ್ನು ರ‍್ಯಾಂಪ್ ಮೇಲೇರಿಸಿ ಟಾರ್ಚ್ ಬಿಟ್ಟು ತಳ ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುವ ಸಂಗತಿಗೆ ಪಂಪ್ ಬಿಚ್ಚುವವರುಂಟು. ಚೇಂಬರ್ ಕೂರಿಸುವಾಗ ಧಾರಾಳವಾಗಿ ಬಳಿದ ಸಿಲಿಕೋನ್ ಪೇಸ್ಟ್ ಒಳಗೆ ಹುಳದಂತೆ ಕಳಚಿ ಸ್ಟ್ರೈನರ್ ಜಾಲರಿಗೆ ಅಂಟಿಕೊಳ್ಳುವುದೂ ಸಾಮಾನ್ಯ. ಫೋರ್ಡ್ ಇಕೋಸ್ಪೋರ್ಟ್‌ನ 1.0 ಇಕೋಬೂಸ್ಟ್‌ನಂತೆ ಟೈಮಿಂಗ್ ಬೆಲ್ಟ್ ಆಯಿಲಿನಲ್ಲೇ ಓಡುವ ಎಂಜಿನ್‌ಗಳಲ್ಲಿ ಬೆಲ್ಟಿನ ಚೂರುಗಳೂ ಅದೇ ಜಾಲರಿಗೆ ಬಂದು ಸೇರುತ್ತವೆ.

ತಿರುವಿನಲ್ಲಿ, ಬ್ರೇಕ್ ಹಿಡಿದಾಗ ಮಾತ್ರ ಮುಳ್ಳು ದಿಢೀರ್ ಬಿದ್ದು ಮತ್ತೆ ಏಳುವುದು ಬೇರೆಯೇ ಕಥೆ. ಪಕ್ಕಕ್ಕೆ 1 ಜಿ ಬಲ ಬಿದ್ದಾಗ ಚೇಂಬರ್‌ನಲ್ಲಿರುವ ಆಯಿಲಿನ ಮೇಲ್ಮೈ 45 ಡಿಗ್ರಿ ವಾಲುತ್ತದೆ. ಒಳ್ಳೆಯ ಟೈರ್ ಹಾಕಿದ ಕಾರು ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿನ ವೇಗದ ಬಲ ತಿರುವುಗಳಲ್ಲಿ ಅದರ ಹತ್ತಿರ ಹೋಗುತ್ತದೆ. ಆಯಿಲೆಲ್ಲ ಎಡಗೋಡೆ ಹತ್ತಿ ನಿಂತರೆ ಸ್ಟ್ರೈನರ್ ಗಾಳಿ ಎಳೆಯುತ್ತದೆ. ನಂದಿ ಬೆಟ್ಟದ ಹೇರ್‌ಪಿನ್‌ಗಳಲ್ಲಿ ವೇಗ ಕಡಿಮೆ, ತಿರುವು ಗಿಡ್ಡ. ಅಲ್ಲೂ ಮುಳ್ಳು ಬಿದ್ದರೆ ಆಯಿಲ್ ಮಟ್ಟವೇ ಕಡಿಮೆ ಇದೆ ಎಂದರ್ಥ. 6000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಸೆಕೆಂಡಿಗೆ 100 ಸುತ್ತು ಹಾಕುತ್ತದೆ. ಅರ್ಧ ಸೆಕೆಂಡ್ ಒತ್ತಡ ಇಲ್ಲವೆಂದರೆ ಭಾರ ಹೊತ್ತ ಬೇರಿಂಗ್ 50 ಸುತ್ತು ಇದ್ದಬದ್ದ ಆಯಿಲಿನಲ್ಲೇ ಉಜ್ಜಿತು. ಚೇಂಬರ್ ಒಳಗೆ ಅಡ್ಡತಗಡುಗಳನ್ನು ಬೆಸುಗೆ ಹಾಕಿಸುವುದು ಮೊದಲ ಪರಿಹಾರ, ಒತ್ತಡದಲ್ಲಿ ಆಯಿಲ್ ಕೂಡಿಟ್ಟುಕೊಂಡು ಬೇಕಾದಾಗ ಬಿಡುವ ಅಕ್ಯುಮುಲೇಟರ್ ಮುಂದಿನದು, ಆಯಿಲನ್ನು ಪ್ರತ್ಯೇಕ ಟ್ಯಾಂಕಿನಲ್ಲಿಡುವ ಡ್ರೈ ಸಂಪ್ ದುಡ್ಡಿರುವವರಿಗೆ. ಅರ್ಧ ಲೀಟರ್ ಹೆಚ್ಚು ತುಂಬಿಸುವ ನಾಟಿ ಉಪಾಯ ಕೆಲವು ಎಂಜಿನ್‌ಗಳಲ್ಲಿ ನಡೆಯುತ್ತದೆ. ಉಳಿದವುಗಳಲ್ಲಿ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ.

ತನ್ನ ಕಾರಿನದೇ ಲೆಕ್ಕ

ಪಕ್ಕದ ಕಾರಿನ ಸಂಖ್ಯೆಗೆ ಹೋಲಿಸುವುದಕ್ಕಿಂತ ತನ್ನ ಕಾರಿನದೇ ಹಳೆಯ ಸಂಖ್ಯೆಗೆ ಹೋಲಿಸುವುದು ಉಪಯುಕ್ತ. ಆಯಿಲ್ ಬದಲಿಸಿದ ಮರುದಿನ ಒಂದೇ ದಾರಿಯಲ್ಲಿ, ಒಂದೇ ರೀತಿ ಅಳೆಯಬೇಕು. ಆರ್.ಟಿ. ನಗರದವರಿಗೆ ಬಳ್ಳಾರಿ ರಸ್ತೆ ಹೇಳಿ ಮಾಡಿಸಿದ್ದು. ಬೆಳಗಿನ ಜಾವದ ಮೊದಲ ಸ್ಟಾರ್ಟ್‌ನ ಓದು ಒಂದು. ಹೆಬ್ಬಾಳ ದಾಟಿ ವಿಮಾನ ನಿಲ್ದಾಣದ ಕಡೆ ಇಪ್ಪತ್ತು ನಿಮಿಷ ಓಡಿದ ಮೇಲೆ, ಆಯಿಲ್ ತಾಪ 90 ಡಿಗ್ರಿ ದಾಟಿದಾಗ, ಟಾಪ್ ಗೇರ್‌ನಲ್ಲಿ 2000 ಆರ್‌ಪಿಎಂನ ಓದು ಒಂದು. ಬಹುಪಾಲು ಸಣ್ಣ ಪೆಟ್ರೋಲ್ ಕಾರುಗಳು ಗಂಟೆಗೆ 80 ಕಿ.ಮೀ. ದಾಟದೆಯೇ ಮೂರನೇ ಗೇರ್‌ನಲ್ಲಿ 4000 ಆರ್‌ಪಿಎಂ ಆಸುಪಾಸು ತಲುಪುತ್ತವೆ, ಅಲ್ಲಿನದೊಂದು. ವಾಪಸ್ ಬಂದು ಮನೆ ಮುಂದೆ ನಿಂತಾಗ ಬಿಸಿ ಐಡ್ಲಿಂಗ್‌ನದೊಂದು. ಪಕ್ಕದಲ್ಲಿ ಕೂತವರು ಬರೆದುಕೊಳ್ಳಬೇಕು, ಸ್ಟೀರಿಂಗ್ ಹಿಡಿದವರಲ್ಲ. ಪ್ರತಿ ಓದಿನ ಪಕ್ಕ ಆಯಿಲ್ ತಾಪ, ಗ್ರೇಡ್, ಹಾಕಿ ಎಷ್ಟು ಕಿಲೊಮೀಟರ್ ಆಯಿತು ಎಂಬುದು ಇರಲೇಬೇಕು. ಅದೇ ತಾಪ, ಅದೇ ಆರ್‌ಪಿಎಂ, ಅದೇ ಗ್ರೇಡಿನಲ್ಲಿ ಒತ್ತಡ ಕಾಲು ಭಾಗ ಕುಸಿದಿದ್ದರೆ ಅದಕ್ಕೆ ಕಾರಣ ಹುಡುಕುವ ಹೊತ್ತು ಬಂದಿದೆ.

ಹುಡುಕುವ ಕ್ರಮ ಅಗ್ಗದಿಂದ ದುಬಾರಿಯ ಕಡೆಗೆ. ಡಿಪ್‌ಸ್ಟಿಕ್, ವಾಸನೆ, ಕನೆಕ್ಟರ್, ಚೇಂಬರ್ ತಳ. ಆಮೇಲೆ ಆಯಿಲ್ ಸ್ವಿಚ್ ಬಿಚ್ಚಿ ಅಲ್ಲಿಗೆ ಗ್ಯಾರೇಜಿನ ಮೆಕ್ಯಾನಿಕಲ್ ಗೇಜ್ ಹಾಕಿ ತಾಳೆ ನೋಡುವುದು. ಕಾರಿನ ಗೇಜ್ ಸುಳ್ಳು ಹೇಳುತ್ತಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಮೆಕ್ಯಾನಿಕಲ್ ಗೇಜೂ ಕಡಿಮೆಯೇ ತೋರಿಸಿದರೆ ಫಿಲ್ಟರ್ ಕಳಚಿ, ತಗಡು ಕತ್ತರಿಸಿ, ಒಳಗಿನ ಮಡಿಕೆ ಕಾಗದವನ್ನು ಹಿಂಡಿ ಬಿಸಿಲಿನಲ್ಲಿ ಬಿಡಿಸಿ ನೋಡಬೇಕು. ಗರಗಸದಿಂದ ಕೊಯ್ದರೆ ಅದರ ಪುಡಿಯೇ ಒಳಗೆ ಬಿದ್ದು ದಾರಿ ತಪ್ಪಿಸುತ್ತದೆ. ಚಕ್ರದ ಬ್ಲೇಡಿನ ಫಿಲ್ಟರ್ ಕಟರ್ ಬೇಕು. ಕಪ್ಪು ಮಸಿ ಸಹಜ. ಮಡಿಕೆಗಳ ನಡುವೆ ಮಿಣುಕುವ ತೆಳು ಹೊಪ್ಪಳಿಕೆಗಳು ಕಂಡರೆ ಕಾಗದದ ಕೆಳಗೆ ಅಯಸ್ಕಾಂತ ಆಡಿಸಬೇಕು. ಅದರ ಹಿಂದೆ ಓಡುವ ಚೂರು ಕಬ್ಬಿಣದ್ದು, ಕ್ಯಾಮ್ ಅಥವಾ ಪಂಪ್ ಗೇರಿನಿಂದ ಬಂದಿರಬಹುದು. ಅಲುಗದೆ ಕೂತ ಬೆಳ್ಳಿ ಬಣ್ಣದ್ದು ಬೇರಿಂಗಿನ ಮೇಲ್ಪದರ ಅಥವಾ ಅಲ್ಯೂಮಿನಿಯಂ. ತಾಮ್ರದ ಬಣ್ಣದ್ದು ಕಂಡರೆ ಮೇಲ್ಪದರ ಮುಗಿದು ಒಳಪದರ ಸವೆಯುತ್ತಿದೆ. ತಾಮ್ರ ಕಂಡ ಕಾರನ್ನು ಗ್ಯಾರೇಜಿನಿಂದ ಓಡಿಸಿಕೊಂಡು ಹೋಗಬಾರದು. ಆ ಹಂತದಲ್ಲಿ ಬೇರಿಂಗ್ ಬದಲಿಸಿದರೆ ಕ್ರ್ಯಾಂಕ್ ಉಳಿಯುವ ಸಂಭವ ಹೆಚ್ಚು. ಎಂಜಿನ್ ಸೀಜ್ ಆದ ಮೇಲೆ ಕ್ರ್ಯಾಂಕ್, ರಾಡ್, ಕೆಲವೊಮ್ಮೆ ಬ್ಲಾಕ್ ಕೂಡ ಲೆಕ್ಕಕ್ಕೆ ಸೇರುತ್ತದೆ.

ಓಡುತ್ತಿರುವಾಗಲೇ ಮುಳ್ಳು ಸೊನ್ನೆಗೆ ಬಿದ್ದರೆ ಮೊದಲ ಕೆಲಸ ಆಕ್ಸಿಲರೇಟರ್ ಬಿಟ್ಟು ಕ್ಲಚ್ ತುಳಿಯುವುದು. ಹಜಾರ್ಡ್ ದೀಪ ಹಾಕಿ, ಎಂಜಿನ್ ಆಫ್ ಮಾಡಿ, ಉರುಳುತ್ತಲೇ ಎಡಕ್ಕೆ ಬರಬೇಕು. ಕೀಲಿಯನ್ನು ಪೂರ್ತಿ ಹೊರಗೆಳೆದರೆ ಸ್ಟೀರಿಂಗ್ ಲಾಕ್ ಆಗುತ್ತದೆ, ಅದನ್ನು ಮಾಡಬಾರದು. ಬ್ರೇಕ್ ಮತ್ತು ಸ್ಟೀರಿಂಗ್ ಭಾರವಾಗುತ್ತವೆ, ಹೆಚ್ಚು ಬಲ ಹಾಕಬೇಕು. ಸೆನ್ಸರ್ ಕೆಟ್ಟಿದೆಯೋ ಪಂಪ್ ಕೆಟ್ಟಿದೆಯೋ ಎಂಬ ಚರ್ಚೆ ನಿಂತ ಮೇಲೆ. ‘ಒಂದು ಸಲ ಸ್ಟಾರ್ಟ್ ಮಾಡಿ ನೋಡೋಣ’ ಎಂಬ ಸಲಹೆ ಯಾರಿಂದ ಬಂದರೂ ಟೋ ಗಾಡಿಯನ್ನೇ ಕರೆಸುವುದು ಅಗ್ಗ.

ತಿರುವಿನಲ್ಲಿ ಯಾವ ಚಾಲಕನೂ ಗೇಜ್ ನೋಡುವುದಿಲ್ಲ, ನೋಡಲೂಬಾರದು. ಆದ್ದರಿಂದ ಗೇಜಿನ ಜೊತೆಗೆ ಕಣ್ಣಿಗೆ ಹೊಡೆಯುವಂಥ ದೊಡ್ಡ ಎಚ್ಚರಿಕೆ ದೀಪ ಬೇಕು. ಸರಳವಾದದ್ದು, ಕಂಪನಿಯ ಸ್ವಿಚ್ ಜೊತೆಗೆ ಸುಮಾರು 1.4 ಬಾರ್‌ಗೆ ಕೆಲಸ ಮಾಡುವ ಇನ್ನೊಂದು ಸ್ವಿಚ್. ಬಿಸಿ ಐಡ್ಲಿಂಗ್‌ನಲ್ಲಿ ಅದು ಹೊತ್ತಿಕೊಂಡರೂ ಟ್ರ್ಯಾಕಿನಲ್ಲಿ ಐಡ್ಲಿಂಗ್ ಪ್ರಶ್ನೆಯೇ ಬರುವುದಿಲ್ಲ. ಪ್ರತ್ಯೇಕ ಇಸಿಯು ಹಾಕಿಸಿದವರು ಆರ್‌ಪಿಎಂಗೆ ತಕ್ಕ ಕನಿಷ್ಠ ಒತ್ತಡದ ಪಟ್ಟಿಯನ್ನೇ ಅದಕ್ಕೆ ತುಂಬಿಸಬಹುದು: 2000ಕ್ಕೆ 1.2 ಬಾರ್, 4000ಕ್ಕೆ 2.4, 6000ಕ್ಕೆ 3.5, ಹೀಗೆ, ಆ ಕಾರಿನ ಸಹಜ ಓದಿಗಿಂತ ಸ್ವಲ್ಪ ಕೆಳಗೆ. ಅದಕ್ಕಿಂತ ಇಳಿದರೆ ಇಸಿಯು ಇಂಧನ ಕಡಿದು ಎಂಜಿನ್ ನಿಲ್ಲಿಸುತ್ತದೆ. ಲಾಗಿಂಗ್ ಸೆಕೆಂಡಿಗೆ ಹತ್ತು ಸಲವಾದರೂ ಇರಬೇಕು, ಇಲ್ಲವಾದರೆ ತಿರುವಿನ ಕ್ಷಣಿಕ ಕುಸಿತ ದಾಖಲಾಗುವುದೇ ಇಲ್ಲ. ಸ್ಟಾರ್ಟ್ ಆದ ಮೊದಲ ಎರಡು ಮೂರು ಸೆಕೆಂಡ್ ಈ ಕಾವಲಿಗೆ ವಿನಾಯಿತಿ ಕೊಡಬೇಕು. ಒತ್ತಡ ಏಳುವ ಮೊದಲೇ ಅದು ಜಾಗೃತವಾದರೆ ಎಂಜಿನ್ ಸ್ಟಾರ್ಟ್ ಆಗಲೇ ಬಿಡುವುದಿಲ್ಲ.